ಕಬ್ಬಿಣದ ಕೋಟೆ, ಎರಡು ಗಂಡಿ

ಸಂಡೂರಿನ ಬೆಟ್ಟದ ಬುಡದಲ್ಲಿ ಬಿದ್ದಿರುವ ಒಂದು ಕಲ್ಲನ್ನು ಎತ್ತಿಕೊಂಡು ನೋಡಿ. ಮುಷ್ಟಿಯಷ್ಟು ಗಾತ್ರದ್ದಾದರೆ ಸಾಕು. ಕೈ ಒಂದು ತೂಕಕ್ಕೆ ಸಿದ್ಧವಾಗಿರುತ್ತದೆ, ಕಲ್ಲು ಇನ್ನೊಂದು ತೂಕ ತೂಗುತ್ತದೆ. ಅಷ್ಟೇ ಗಾತ್ರದ ಹಂಪಿಯ ಗ್ರಾನೈಟ್ ಚೂರಿಗೆ ಹೋಲಿಸಿದರೆ ಹೆಚ್ಚುಕಡಿಮೆ ಎರಡರಷ್ಟು ಭಾರ. ಬಣ್ಣ ಬೂದುಗಪ್ಪು, ಮುರಿದ ಕಡೆ ಉಕ್ಕಿನ ಹೊಳಪು. ಅದನ್ನೇ ಹೆಂಚಿನ ಒರಟು ಬೆನ್ನಿಗೆ ತಿಕ್ಕಿದರೆ ಒಳಗಿನ ಬಣ್ಣ ಹೊರಬೀಳುತ್ತದೆ: ಒಣಗಿದ ರಕ್ತದಂಥ ಕೆಂಪು ಗೆರೆ. ಇದು ಹೆಮಟೈಟ್, ಕಬ್ಬಿಣದ ಅದಿರು. ನಾಲ್ಕು ಹೆಜ್ಜೆ ಆಚೆ ಇನ್ನೊಂದು ಕಲ್ಲು ಮುಟ್ಟಿದರೆ ಬೆರಳಿಗೆ ಮಸಿ ಹತ್ತೀತು, ಬಾಣಲೆಯ ತಳ ಸವರಿದ ಹಾಗೆ. ಅದು ಮ್ಯಾಂಗನೀಸ್.

ಈ ಎರಡು ಕಲ್ಲುಗಳ ಹೊರತಾಗಿ ಸಂಡೂರಿನ ಭೂಗೋಳವೂ ಇಲ್ಲ, ಚರಿತ್ರೆಯೂ ಇಲ್ಲ.

ಹೊಸಪೇಟೆಯಿಂದ ಸುಮಾರು 30 ಕಿ.ಮೀ. ದಕ್ಷಿಣಕ್ಕಿರುವ ಈ ಊರಿಗೆ ಬಳ್ಳಾರಿಯ ಕಡೆಯಿಂದ ಬಂದವರಿಗೆ ಮೊದಲು ಆಶ್ಚರ್ಯವಾಗುತ್ತದೆ. ಅಲ್ಲಿಯವರೆಗೆ ಕಂಡದ್ದು ಎರೆಭೂಮಿ, ಬೋಳುಗುಂಡಿನ ಗುಡ್ಡ, ಜಾಲಿ, ಬಿಸಿಲು. ರಸ್ತೆ ಬೆಟ್ಟದ ಸಾಲನ್ನು ದಾಟಿ ಒಳಗೆ ಹೊಕ್ಕರೆ ಬೇರೆಯದೇ ಸೀಮೆ. ಸುತ್ತಲೂ ಉದ್ದಕ್ಕೆ ಎದ್ದ ಬೆಟ್ಟದ ಗೋಡೆಗಳು, ನೆತ್ತಿ ಚಪ್ಪಟೆ, ಮೈತುಂಬ ಹುಲ್ಲು ಮತ್ತು ಕುರುಚಲು ಕಾಡು, ನಡುವೆ ಮರಿಗೆಯಂಥ ಕಣಿವೆ. ಮಳೆಗಾಲ ಮುಗಿಯುವ ಹೊತ್ತಿಗೆ ಇದು ಬಳ್ಳಾರಿ ಜಿಲ್ಲೆ ಎಂದರೆ ಹೊಸಬರು ನಂಬುವುದಿಲ್ಲ. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರ್ ತಿಂಗಳಲ್ಲಿ ನೋಡಬೇಕು ಎಂದಿದ್ದರಂತೆ. ಆ ಮಾತು ಈಗ ಊರಿನ ಆಸ್ತಿ. ಪ್ರವಾಸೋದ್ಯಮದ ಫಲಕದಿಂದ ಹಿಡಿದು ಚುನಾವಣಾ ಭಾಷಣದವರೆಗೆ ಎಲ್ಲ ಕಡೆ ದುಡಿಯುತ್ತಿದೆ.

ಈ ಮರಿಗೆಗೆ ಪ್ರಕೃತಿ ಇಟ್ಟ ಬಾಗಿಲು ಎರಡು. ಒಂದು ಓಬಳಗಂಡಿ, ಇನ್ನೊಂದು ಭೀಮಗಂಡಿ. ನಮ್ಮ ಕಡೆ ಬೇಲಿಯಲ್ಲಿ, ಗೋಡೆಯಲ್ಲಿ, ಗುಡ್ಡದಲ್ಲಿ ನುಸುಳಲು ಇರುವ ಸಂದಿಗೆ ಗಂಡಿ ಎನ್ನುತ್ತೇವೆ. ಇಲ್ಲಿಯ ಗಂಡಿಗಳನ್ನು ಕೊರೆದದ್ದು ನಾರಿಹಳ್ಳ ಎಂಬ ಸಣ್ಣ ಹೊಳೆ. ಬೇಸಿಗೆಯಲ್ಲಿ ನೋಡಿದವರಿಗೆ ಇದು ಬೆಟ್ಟ ಕತ್ತರಿಸಿತೇ ಎಂದು ನಗು ಬರಬಹುದು. ಆದರೆ ಹೊಳೆಗೆ ಅವಸರವಿರಲಿಲ್ಲ. ಬೆಟ್ಟ ನಿಧಾನವಾಗಿ ಮೇಲೇಳುತ್ತಿದ್ದರೆ, ಸುತ್ತಲಿನ ನೆಲ ಸವೆದು ಇಳಿಯುತ್ತಿದ್ದರೆ, ಹೊಳೆ ಹಳೆಯ ದಾರಿಯನ್ನೇ ಹಿಡಿದು ಕೆಳಕ್ಕೆ ಕೊರೆಯುತ್ತ ಹೋಗುತ್ತದೆ. ಎರಡೂ ಬದಿಯಲ್ಲಿ ಕಡಿದಾದ ಬಂಡೆ, ನಡುವೆ ನೀರು ಮತ್ತು ಒಂದು ಗಾಡಿದಾರಿಯಷ್ಟು ಜಾಗ. ಕಣಿವೆಯ ನೀರನ್ನೆಲ್ಲ ಹೊತ್ತ ಹಳ್ಳ ಹೀಗೆ ಹೊರಬಿದ್ದು ದರೋಜಿ ಕೆರೆಯ ಕಡೆ ಹೋಗುತ್ತದೆ. ಅದಕ್ಕೆ ತಾರಾನಗರದ ಬಳಿ ಕಟ್ಟಿದ ಅಣೆಕಟ್ಟಿನಲ್ಲಿ ನೀರು ತುಂಬಿದಾಗ, ಹಿಂದಿನ ಕೆಂಪು ಬೆಟ್ಟದ ನೆರಳು ಬಿದ್ದ ಚಿತ್ರ ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರುತ್ತದೆ.

ಬೆಟ್ಟದ ಹುಟ್ಟಿನ ಕತೆಗೆ ಸುಮಾರು 270 ಕೋಟಿ ವರ್ಷ ಹಿಂದಕ್ಕೆ ಹೋಗಬೇಕು. ಆಗ ಇಲ್ಲಿ ಬೆಟ್ಟವಿರಲಿಲ್ಲ, ಸಮುದ್ರವಿತ್ತು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರದ ತಳದ ಬಿಸಿ ಬಿರುಕುಗಳಿಂದ ಬಂದ ಕಬ್ಬಿಣ ನೀರಿನಲ್ಲಿ ಸಕ್ಕರೆಯಂತೆ ಕರಗಿಕೊಂಡಿತ್ತು. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ಹಾಗೆ ಕರಗಿಯೇ ಇರಬಲ್ಲದು. ಆಳವಿಲ್ಲದ ಕಡೆ ಬೆಳೆಯುತ್ತಿದ್ದ ಸೂಕ್ಷ್ಮಜೀವಿಗಳು ಬಿಸಿಲು ಕುಡಿದು ಆಮ್ಲಜನಕ ಬಿಡಲು ತೊಡಗಿದಾಗ ಈ ಕಬ್ಬಿಣ ತುಕ್ಕು ಹಿಡಿದು ತಳಕ್ಕೆ ಕೂತಿತು. ಅದರ ಮೇಲೆ ಮರಳಿನ ಸತ್ವವಾದ ಸಿಲಿಕದ ಪದರ. ಮತ್ತೆ ತುಕ್ಕು, ಮತ್ತೆ ಸಿಲಿಕ. ಹೀಗೆ ಕೂತದ್ದು ಗಟ್ಟಿಯಾಗಿ ಆದ ಕಲ್ಲನ್ನು ಕಡಿದು ನೋಡಿದರೆ ಇಳಕಲ್ಲ ಸೀರೆಯ ಅಂಚಿನಂತೆ ಕೆಂಪು, ಕಪ್ಪು, ಬಿಳಿ ಪಟ್ಟೆಗಳು ಒಂದರ ಮೇಲೊಂದು. ಭೂವಿಜ್ಞಾನಿಗಳು ಇದನ್ನು ಪಟ್ಟೆಗಬ್ಬಿಣದ ಶಿಲೆ ಎನ್ನುತ್ತಾರೆ. ಸಂಡೂರಿನ ಸುಣ್ಣಕಲ್ಲಿನಲ್ಲಿ ಸ್ಟ್ರೋಮಟೊಲೈಟ್‌ಗಳು, ಅಂದರೆ ಆ ಕಾಲದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಬಿಟ್ಟುಹೋದ ಗುರುತುಗಳು ಸಿಕ್ಕಿವೆ. ಸಂಡೂರಿನ ನೆಲದ ಅತಿ ಹಳೆಯ ನಿವಾಸಿಗಳು ಅವೇ.

ಮುಂದೆ ಭೂಮಿ ಈ ಪದರಗಳನ್ನು ಕಂಬಳಿ ಮಡಿಸಿದಂತೆ ಮಡಿಸಿತು. ಮಡಿಕೆಯ ಅಂಚಿನಲ್ಲಿ ಗಟ್ಟಿಯಾದ ಕಬ್ಬಿಣದ ಶಿಲೆ, ನಡುವೆ ಮೆತ್ತನೆಯ ಹಸಿರುಗಲ್ಲು. ಕೋಟ್ಯಂತರ ವರ್ಷಗಳ ಮಳೆಗಾಳಿಗೆ ನಡುವಿನದು ಸವೆದು ಕಣಿವೆಯಾಯಿತು, ಅಂಚು ಬಗ್ಗದೆ ಬೆಟ್ಟವಾಗಿ ನಿಂತಿತು. ಅದೇ ಮಳೆ ಪಟ್ಟೆಗಳ ನಡುವಿನ ಸಿಲಿಕವನ್ನು ತೊಳೆದುಕೊಂಡು ಹೋಗಿ, ನೆತ್ತಿಯ ಮೇಲೆ ಕಬ್ಬಿಣದ ಪಾಲನ್ನು ಹೆಚ್ಚಿಸಿತು. ಒಳ್ಳೆಯ ಅದಿರು ಇರುವುದು ಅಲ್ಲಿಯೇ, ಬೆಟ್ಟದ ತಲೆಯ ಮೇಲೆ ಟೋಪಿ ಇಟ್ಟಂತೆ.

ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣವಿದೆ. ಕೋಲಾರದಲ್ಲಿ ಚಿನ್ನಕ್ಕಾಗಿ ನೆಲದಡಿ ಮೂರು ಕಿಲೋಮೀಟರ್ ಇಳಿದರು. ಮೇಲಿನ ಊರು ಊರಾಗಿಯೇ ಉಳಿಯಿತು. ಸಂಡೂರಿನಲ್ಲಿ ಅದಿರು ಬೆಟ್ಟದೊಳಗೆ ಬಚ್ಚಿಟ್ಟುಕೊಂಡಿಲ್ಲ. ಅದಿರು ಇದ್ದುದರಿಂದಲೇ ಬೆಟ್ಟ ಬೆಟ್ಟವಾಗಿದೆ. ಹೀಗಾಗಿ ಇಲ್ಲಿ ಗಣಿಗಾರಿಕೆ ಅಂದರೆ ಬೆಟ್ಟದಿಂದ ಏನನ್ನೋ ತೆಗೆಯುವುದಲ್ಲ, ಬೆಟ್ಟವನ್ನೇ ತಲೆಯಿಂದ ಕೆಳಕ್ಕೆ ತೆಗೆಯುತ್ತ ಬರುವುದು. ಆ ಟೋಪಿ ತೂತುತೂತಾದದ್ದು; ಬಿದ್ದ ಮಳೆಯನ್ನು ಹೀರಿ, ತಡೆದು, ಬುಡದಲ್ಲಿ ತೊರೆಯಾಗಿ ಬಿಡುತ್ತದೆ. ಹರಿಶಂಕರ ತೀರ್ಥ, ಭೀಮತೀರ್ಥ ಎಂದು ಜನ ಕೈಮುಗಿಯುವ ನೀರೆಲ್ಲ ಈ ಲೆಕ್ಕದಲ್ಲಿ ಬರುವಂಥದ್ದೇ. ಟೋಪಿ ಹೋದರೆ ತೀರ್ಥ ಎಲ್ಲಿಂದ ಬರಬೇಕು?

ಇಲ್ಲಿಯ ಕಲ್ಲನ್ನು ಮೊದಲು ಕ್ರಮವಾಗಿ ಓದಿದವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಈ ಅಧಿಕಾರಿ ದಕ್ಷಿಣದ ಇಂಥ ಶಿಲಾಪಟ್ಟಿಗಳಿಗೆಲ್ಲ ಸೇರಿಸಿ ‘ಧಾರವಾಡ’ ಎಂಬ ಹೆಸರಿಟ್ಟರು. ಇಂದಿಗೂ ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಯೂ ಆ ಊರಿನ ಹೆಸರು ಹೇಳದೆ ದಕ್ಷಿಣ ಭಾರತದ ಬಗ್ಗೆ ಬರೆಯಲಾರ. ಬಳ್ಳಾರಿ ಜಿಲ್ಲೆಯ ಭೂರಚನೆ ಕುರಿತ ಅವರ ಗ್ರಂಥ ಬಂದದ್ದು 1895ರಲ್ಲಿ.

ಫೂಟ್ ಬರುವ ಮೊದಲು ಇಲ್ಲಿಯವರಿಗೆ ಅದಿರಿನ ಪರಿಚಯ ಇರಲಿಲ್ಲವೆಂದಲ್ಲ. ಕುಮಾರಸ್ವಾಮಿ ಬೆಟ್ಟಕ್ಕೆ ಸ್ಥಳಪುರಾಣದಲ್ಲಿರುವ ಹೆಸರೇ ಲೋಹಾಚಲ. ಹೆಸರಿಟ್ಟವರಿಗೆ ಕಲ್ಲಿನ ತೂಕ ಗೊತ್ತಿತ್ತು. ಈ ಬೆಟ್ಟಸಾಲಿನ ತುದಿಯಾದ ಹೊಸಪೇಟೆಯ ಜಂಬುನಾಥನ ಗುಡ್ಡದ ಅದಿರನ್ನು ಕರಗಿಸಿ, ಕಮಲಾಪುರದಲ್ಲಿ ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ ಮಾಡುತ್ತಿದ್ದರು. ತುಂಗಭದ್ರೆಯ ಕಾಲುವೆಗಳ ಕಬ್ಬು, ಬೆಟ್ಟದ ಕಬ್ಬಿಣ, ಕಾಡಿನ ಇದ್ದಿಲು, ಮೂರೂ ಸೇರಿ ಬೆಲ್ಲ. ವಿದೇಶದ ಅಗ್ಗದ ಕಬ್ಬಿಣ ಬಂದಮೇಲೆ ಆ ಕುಲುಮೆಗಳು ಆರಿದವು.

ಕುಮಾರಸ್ವಾಮಿಯ ಗುಡಿಗೆ ಬರೋಣ. ಬೆಟ್ಟದ ಮೇಲೆ ತಾಯಿ ಮಗ ಅಕ್ಕಪಕ್ಕ ಇದ್ದಾರೆ. ಪಾರ್ವತಿಯ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು, ಮಗನ ಗುಡಿ ರಾಷ್ಟ್ರಕೂಟರ ಕಾಲದ್ದು. ತಾರಕಾಸುರನನ್ನು ಕೊಂದ ಸ್ಕಂದ ಇಲ್ಲಿ ನೆಲೆನಿಂತ ಎನ್ನುತ್ತದೆ ಪುರಾಣ. ಸುತ್ತ ಎಲ್ಲೆಲ್ಲೂ ಕೆಂಪು ಕಪ್ಪು ಮಣ್ಣಾದರೆ ಹತ್ತಿರದಲ್ಲೇ ಒಂದು ಕಡೆ ಹಾಲಿನಂಥ ಬಿಳಿ ಮಣ್ಣು ಸಿಗುತ್ತದೆ. ಭೂವಿಜ್ಞಾನಿಗೆ ಅದು ಜೇಡಿ. ಭಕ್ತರಿಗೆ ಪಾರ್ವತಿಯ ಎದೆಹಾಲಿನ ಕತೆ ಹೊತ್ತ ವಿಭೂತಿ. ಹಣೆಗೆ ಹಚ್ಚಿಕೊಂಡೇ ಕೆಳಗಿಳಿಯುತ್ತಾರೆ. ಈ ಕ್ಷೇತ್ರದಲ್ಲಿ ಮಗನ ಗುಡಿಯೊಳಗೆ ಹೆಣ್ಣುಮಕ್ಕಳು ಹೋಗಬಾರದು ಎಂಬ ಕಟ್ಟಳೆ ಬಹುಕಾಲ ನಡೆಯಿತು. ಇನ್ನೊಂದು ಕಡೆ, ದಲಿತರಿಗೆ ಗುಡಿಯ ಬಾಗಿಲು ತೆರೆದ ವಿಷಯದಲ್ಲಿ ಇದೇ ಸಂಡೂರು ತಿರುವಾಂಕೂರಿಗಿಂತ ಮುಂದಿತ್ತು. ತಿರುವಾಂಕೂರಿನ ಪ್ರಸಿದ್ಧ ಘೋಷಣೆ 1936ರದ್ದು. ಇಲ್ಲಿಯ ಅರಸರು 1930ರ ದಶಕದ ಆರಂಭದಲ್ಲೇ ಆ ಕೆಲಸ ಮಾಡಿದ್ದರು. ಗಾಂಧೀಜಿಯ ಭೇಟಿಗೆ ಆ ಹಿನ್ನೆಲೆಯೂ ಇತ್ತು.

ಅರಸರು ಅಂದೆನಲ್ಲ, ಅವರು ಘೋರ್ಪಡೆಗಳು. 1728ರಲ್ಲಿ ಸಿದ್ದೋಜಿರಾವ್ ಘೋರ್ಪಡೆ ಜರಿಮಲೆಯ ಬೇಡ ಪಾಳೆಯಗಾರನಿಂದ ಈ ಕಣಿವೆಯನ್ನು ಕಿತ್ತುಕೊಂಡ. ಗುತ್ತಿಯ ಮುರಾರಿರಾಯ ಈತನ ಹಿರಿಯ ಮಗ. ಮುಂದೆ ಹೈದರಾಲಿ ಗುತ್ತಿಯ ಜೊತೆಗೆ ಸಂಡೂರನ್ನೂ ನುಂಗಿದ, ಕೃಷ್ಣಾನಗರದ ಕೋಟೆ ಕಟ್ಟಿಸತೊಡಗಿದ. ಟಿಪ್ಪುವಿನ ಕಾಲ ಮುಗಿದ ಮೇಲೆ ಘೋರ್ಪಡೆಗಳು ಮರಳಿದರು.

ಈ ವಂಶಾವಳಿಯಲ್ಲಿ ನನಗೆ ಇಷ್ಟವಾದ ಪ್ರಸಂಗ ಒಂದಿದೆ. ಪುಣೆಯ ಪೇಶ್ವೆ ಎರಡನೇ ಬಾಜಿರಾಯನಿಗೆ ಸಂಡೂರಿನ ಮೇಲೆ ಕಣ್ಣು. 1815ರಲ್ಲಿ ಆತ ಕುಮಾರಸ್ವಾಮಿ ದರ್ಶನದ ನೆವ ಮಾಡಿಕೊಂಡು ಸೈನ್ಯದೊಂದಿಗೆ ಬಂದ. ಸಂಡೂರಿನ ಶಿವರಾವ್ ಬೆಟ್ಟದ ದಾರಿಗಳನ್ನು ಕಟ್ಟಿಬಿಟ್ಟ. ದೇವರ ದರ್ಶನಕ್ಕಾದರೆ ಪೇಶ್ವೆ ನಾಲ್ಕು ಜನರ ಜೊತೆ ಬರಲಿ, ದಂಡು ಹೊರಗಿರಲಿ ಎಂಬುದು ಅವನ ನಿಲುವು. ಬೆಟ್ಟವೇ ಗೋಡೆ, ಗಂಡಿಯೇ ಬಾಗಿಲು ಆಗಿರುವಾಗ ಸಣ್ಣ ಅರಸನೂ ದೊಡ್ಡ ಮಾತಾಡಬಲ್ಲ. ಪೇಶ್ವೆ ಬರಿಗೈಯಲ್ಲಿ ಹಿಂದಿರುಗಿ, ಆಮೇಲೆ ಒಪ್ಪಂದದ ಮೇರೆಗೆ ಕಂಪನಿ ಸರಕಾರದ ನೆರವು ಕೇಳಿದ. 1817ರಲ್ಲಿ ಥಾಮಸ್ ಮನ್ರೋ ಪಡೆಯೊಂದಿಗೆ ಬಂದಾಗ ಶಿವರಾವ್ ಹೋರಾಡದೆ ಕಣಿವೆಯನ್ನು ಒಪ್ಪಿಸಿದ. ಆದರೆ ಮರುವರ್ಷವೇ ಪೇಶ್ವೆಯ ರಾಜ್ಯ ಮುಳುಗಿತು. ಮನ್ರೋ ತಾನೇ ಮುತುವರ್ಜಿ ವಹಿಸಿ ಸಂಡೂರನ್ನು ಶಿವರಾವ್‌ಗೆ ಹಿಂದಕ್ಕೆ ಕೊಡಿಸಿದ. 1826ರಲ್ಲಿ ಸನ್ನದು ಸಿಕ್ಕಿತು. ಹೀಗೆ ಸುತ್ತಲೂ ಮದರಾಸು ಪ್ರಾಂತ್ಯ, ನಡುವೆ ಬೆಟ್ಟದೊಳಗೆ ಪುಟ್ಟ ಮರಾಠಾ ಸಂಸ್ಥಾನ, ಪ್ರಜೆಗಳ ನುಡಿ ಕನ್ನಡ. 1949ರಲ್ಲಿ ವಿಲೀನವಾಗಿ ಮದರಾಸಿಗೆ, 1953ರಲ್ಲಿ ಬಳ್ಳಾರಿಯೊಂದಿಗೆ ಮೈಸೂರಿಗೆ ಸೇರಿತು. ದೋಣಿಮಲೈ, ಸ್ವಾಮಿಮಲೈ, ರಾಮನಮಲೈ ಎಂದು ನಮ್ಮ ‘ಮಲೆ’ಗಳೆಲ್ಲ ಕಾಗದದ ಮೇಲೆ ‘ಮಲೈ’ ಆಗಿರುವುದರ ಹಿಂದೆ ಮದರಾಸಿನ ಗುಮಾಸ್ತರ ಕೈ ಇರಬೇಕು ಎಂಬುದು ನನ್ನ ಗುಮಾನಿ.

ಬ್ರಿಟಿಷರಿಗೆ ಮೊದಲು ಬೇಕಾಗಿದ್ದು ಅದಿರಲ್ಲ, ಇಲ್ಲಿಯ ತಂಪು. ಬಳ್ಳಾರಿಯ ದಂಡಿನಲ್ಲಿ ಬಿಸಿಲಿಗೆ ಬಸವಳಿದ ಸಿಪಾಯಿಗಳಿಗಾಗಿ 1840ರ ದಶಕದಲ್ಲಿ ರಾಮದುರ್ಗದ ನೆತ್ತಿಯ ಮೇಲೆ ಆರೋಗ್ಯಧಾಮ ಮಾಡಿದರು. 3,000 ಅಡಿಗೂ ಮೇಲಿನ ಆ ಬಯಲಲ್ಲಿ ಬಂಗಲೆಗಳೆದ್ದವು. ಊಟಿಯಾಗಬೇಕಿದ್ದ ಜಾಗ, ಆಗಲಿಲ್ಲ.

ಅದಿರಿನ ಕಾಲ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಅದೂ ಮ್ಯಾಂಗನೀಸಿನಿಂದ. ಉಕ್ಕನ್ನು ಗಟ್ಟಿ ಮಾಡಲು ಮ್ಯಾಂಗನೀಸ್ ಬೇಕೇಬೇಕು; ಯುರೋಪಿನ ಉಕ್ಕಿನ ಕಾರ್ಖಾನೆಗಳು ಅದಕ್ಕಾಗಿ ಜಗತ್ತನ್ನೆಲ್ಲ ತಡಕುತ್ತಿದ್ದವು. ಜನರಲ್ ಸಂಡೂರ್ ಮೈನಿಂಗ್ ಕಂಪನಿ ಸಂಸ್ಥಾನದಿಂದ ಗುತ್ತಿಗೆ ಪಡೆದು ಅಗೆಯಿತು. ಸ್ವಾತಂತ್ರ್ಯಾನಂತರ, 1954ರಲ್ಲಿ, ಘೋರ್ಪಡೆ ಮನೆತನದ್ದೇ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಹುಟ್ಟಿಕೊಂಡಿತು. ಸಂಸ್ಥಾನ ಹೋದರೂ ಅರಮನೆಗೆ ಬೆಟ್ಟದ ನಂಟು ಬಿಡಲಿಲ್ಲ. ಆ ಮನೆಯ ಎಂ.ವೈ. ಘೋರ್ಪಡೆ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿ, ಜೊತೆಗೆ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ. ಇದೇ ಊರಲ್ಲಿ 1973ರಲ್ಲಿ ಇನಾಂ ಜಮೀನಿನ ಗೇಣಿದಾರರು ಸಮಾಜವಾದಿಗಳ ಮುಂದಾಳ್ತನದಲ್ಲಿ ಸತ್ಯಾಗ್ರಹ ಹೂಡಿದ್ದನ್ನೂ ಸೇರಿಸಿ ಹೇಳಬೇಕು. ಸಂಡೂರಿನ ಅರಮನೆಯ ಕತೆ ಒಂದೇ ಬಣ್ಣದ್ದಲ್ಲ.

ಕೇಂದ್ರ ಸರಕಾರದ ಗಣಿ ಕಂಪನಿ ಎನ್‌ಎಂಡಿಸಿ 1977ರಲ್ಲಿ ದೋಣಿಮಲೈ ಗಣಿ ತೆರೆಯಿತು. ಅದಕ್ಕೂ ಮೊದಲು, 1971ರಲ್ಲಿ, ತೋರಣಗಲ್ಲಿನಲ್ಲಿ ಇಂದಿರಾ ಗಾಂಧಿ ಸರಕಾರಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದ್ದರು. ಕಾರ್ಖಾನೆ ಮೇಲೇಳಲೇ ಇಲ್ಲ. ಎರಡು ದಶಕ ಕಳೆದ ಮೇಲೆ, 1990ರ ದಶಕದಲ್ಲಿ, ಅದೇ ತೋರಣಗಲ್ಲಿನಲ್ಲಿ ಖಾಸಗಿ ಜಿಂದಾಲ್ ಕಾರ್ಖಾನೆ ಎದ್ದು ನಿಂತಿತು. ಇಂದು ಅದು ದೇಶದ ಅತಿ ದೊಡ್ಡ ಉಕ್ಕಿನ ಸ್ಥಾವರಗಳಲ್ಲಿ ಒಂದು.

ಇಲ್ಲಿಯವರೆಗಿನ ಗಣಿಗಾರಿಕೆಯನ್ನು ಬೆಟ್ಟ ಹೇಗೋ ತಾಳಿಕೊಂಡಿತ್ತು. 2003ರ ನಂತರ ಚೀನಾದ ಹಸಿವು ಶುರುವಾಯಿತು. ಬೀಜಿಂಗ್ ಒಲಿಂಪಿಕ್ಸ್‌ಗೆ ಕ್ರೀಡಾಂಗಣ ಕಟ್ಟಲು, ನಗರ ಕಟ್ಟಲು ಅವರಿಗೆ ಎಷ್ಟು ಅದಿರಿದ್ದರೂ ಸಾಲದು. ಟನ್ನಿಗೆ ಕೆಲವು ನೂರು ರೂಪಾಯಿ ಇದ್ದದ್ದು ಸಾವಿರಗಳಿಗೆ ಏರಿತು. ಆಗ ಸರಕಾರಕ್ಕೆ ಬರುತ್ತಿದ್ದ ರಾಜಧನ ಎಷ್ಟು? ಅತ್ಯುತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ. ಬೆಲೆಯ ಶೇ 10ರಷ್ಟು ಎಂದು ಲೆಕ್ಕ ಬದಲಾಗುವ ಹೊತ್ತಿಗೆ 2009 ಆಗಿತ್ತು. ನಡುವಿನ ಹಣ ಎಲ್ಲಿ ಹೋಯಿತು ಎಂಬುದಕ್ಕೆ ಸಾಕ್ಷಿ ಬೇಕಾದವರು ಆ ವರ್ಷಗಳ ಹೊಸಪೇಟೆ, ಬಳ್ಳಾರಿಯನ್ನು ನೆನಪಿಸಿಕೊಂಡರೆ ಸಾಕು. ‘ಗಣಿ ಧಣಿ’ ಎಂಬ ಜೋಡುಪದ ಕನ್ನಡಕ್ಕೆ ಬಂದದ್ದು ಆಗಲೇ. ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲದವರೂ ಮೇಲುಮಣ್ಣು ಕೆದಕಿ, ಬೆಟ್ಟದಿಂದ ಉರುಳಿ ಬಂದಿದ್ದ ಅದಿರುಗಲ್ಲನ್ನು ಮಾರಿದರು. ಹೆಣ್ಣುಮಕ್ಕಳು, ಮಕ್ಕಳು ಸುತ್ತಿಗೆ ಹಿಡಿದು ಕೂತು ಕಲ್ಲು ಕುಟ್ಟಿದರು. ಹಣ ಎಣಿಸಿಕೊಂಡ ಹೊಲದಲ್ಲಿ ಮತ್ತೆ ಬಿತ್ತಲು ಮಣ್ಣೇ ಉಳಿಯಲಿಲ್ಲ.

ಲಾರಿಗಳದು ಬೇರೆಯೇ ಅಧ್ಯಾಯ. ಪರ್ಮಿಟ್ಟಿನಲ್ಲಿ ಒಂದು ತೂಕ, ತೊಟ್ಟಿಯಲ್ಲಿ ಇನ್ನೊಂದು. ಹೊಸಪೇಟೆಯಿಂದ ಅಂಕೋಲೆಯವರೆಗಿನ ಹೆದ್ದಾರಿ ಕೆಂಪು ಕೆಸರಿನ ಕಾಲುವೆಯಾಯಿತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ವಶಪಡಿಸಿಕೊಂಡಿಟ್ಟಿದ್ದ ಅದಿರಿನ ರಾಶಿಯೇ ಕರಗಿ ಹಡಗು ಹತ್ತಿಹೋಯಿತು. ಕದ್ದ ಮಾಲನ್ನು ಪೊಲೀಸ್ ಠಾಣೆಯಿಂದ ಮತ್ತೆ ಕದಿಯುವುದು ಅಂದರೆ ಇದು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟ ವರದಿ, 2006ರಿಂದ 2010ರವರೆಗೆ ರಾಜ್ಯಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಎರಡೇ ದಿನಕ್ಕೆ, ಜುಲೈ 29ರಂದು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಒಂದು ಮುಖ್ಯಮಂತ್ರಿ ಕುರ್ಚಿಯೂ ಆ ವರದಿಯ ಜೊತೆಗೇ ಉರುಳಿತು.

ಆಮೇಲೆ ಬಂದದ್ದು ಎ, ಬಿ, ಸಿ. ಅಕ್ರಮ ಅತ್ಯಲ್ಪ ಇದ್ದ ಗಣಿಗಳು ಎ ವರ್ಗ, ಗಡಿ ಮೀರಿದವು ಬಿ, ಗಂಭೀರವಾಗಿ ಲೂಟಿ ಮಾಡಿದವು ಸಿ. 2013ರ ತೀರ್ಪು ಸಿ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿ, ಇಡೀ ರಾಜ್ಯಕ್ಕೆ ವರ್ಷಕ್ಕೆ 3 ಕೋಟಿ ಟನ್ ಎಂಬ ಮಿತಿ ಹಾಕಿತು. ಅದಿರನ್ನು ಎಷ್ಟು ತೆಗೆಯಬಹುದು ಎನ್ನುವುದಕ್ಕೆ ಬೆಟ್ಟದ ಕಡೆಯಿಂದ ಒಂದು ಉತ್ತರ ಬೇಕು ಎಂದು ಮೊದಲ ಸಲ ಕೇಳಿದ ತೀರ್ಪು ಅದು. 2017ರಲ್ಲಿ ಮಿತಿ 3.5 ಕೋಟಿಯಾಯಿತು, 2022ರಲ್ಲಿ 5 ಕೋಟಿ. ಬೆಟ್ಟ ಅಷ್ಟರಲ್ಲಿ ಬೆಳೆದಿತ್ತೇನೂ ಅಲ್ಲ. ಹಗರಣದ ಕಾಲದಲ್ಲಿ ಅದಿರಿನ ರಫ್ತಿಗೆ ಹಾಕಿದ್ದ ನಿಷೇಧವೂ ಅದೇ ವರ್ಷ ಹೋಯಿತು.

ನ್ಯಾಯವಾಗಿ ಹೇಳಬೇಕೆಂದರೆ, ಈಗಿನ ಗಣಿಗಾರಿಕೆ 2008ರದ್ದಲ್ಲ. ತೂಕದ ಸೇತುವೆ, ಆನ್‌ಲೈನ್ ಹರಾಜು, ಕುಸಿಯುವ ಮಣ್ಣಿಗೆ ತಡೆಗೋಡೆ, ಗಿಡ ನೆಡುವಿಕೆ ಎಲ್ಲ ಇದೆ. ನಂದಿಹಳ್ಳಿಯಿಂದ ತೋರಣಗಲ್ಲಿನ ಕಾರ್ಖಾನೆಗೆ ಮುಚ್ಚಿದ ಕನ್ವೇಯರ್ ಬೆಲ್ಟ್ ಹಾಕಿದ್ದಾರೆ. ಧೂಳೆಬ್ಬಿಸದೆ, ಲಾರಿಯಿಲ್ಲದೆ ಅದಿರು ಕೊಳವೆಯೊಳಗೆ ಮಲಗಿಕೊಂಡು ಹೋಗುತ್ತದೆ. ಸಂಡೂರಿಗೆ ಮೂರನೆಯ ಗಂಡಿ ಅದು. ಸುತ್ತಲಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೂ ಬೇರೆಯದೇ ದಾರಿ ಸಿಕ್ಕಿದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಹೊಲಿಗೆಯ ಕೆಂಪು ಬಟ್ಟೆಗೂ ಬೆಟ್ಟದ ಕೆಂಪಿಗೂ ಸಂಬಂಧವಿಲ್ಲ, ಆದರೆ ಇದರಿಂದ ಬರುವ ಹಣಕ್ಕೆ ಯಾವ ಬೆಟ್ಟವೂ ಇಳಿಯಬೇಕಿಲ್ಲ.

ಪ್ರಶ್ನೆ ಮಾತ್ರ ಮುಗಿದಿಲ್ಲ. ಸ್ವಾಮಿಮಲೈ ಅರಣ್ಯದ ದೇವದಾರಿ ಗಣಿಯನ್ನು ಕೆಐಒಸಿಎಲ್‌ಗೆ ಕೊಡುವ ಮಾತು ಹಳೆಯದು. 2005ರ ಕೊನೆಗೆ ಕುದುರೆಮುಖದಲ್ಲಿ ಬಾಗಿಲು ಹಾಕಿದ ಕಂಪನಿಯೇ ಅದು. 2024ರಲ್ಲಿ ಕೇಂದ್ರದ ಉಕ್ಕು ಸಚಿವರ ಸಹಿ ಬಿದ್ದಾಗ ಲೆಕ್ಕ ಹೊರಬಂತು: 401.57 ಹೆಕ್ಟೇರ್ ಕಾಡು, 99,330 ಮರ. ರಾಜ್ಯದ ಅರಣ್ಯ ಸಚಿವರು ತಡೆಹಾಕಿದರು. ಇಬ್ಬರ ವಾದದಲ್ಲೂ ರಾಜಕೀಯ ಎಷ್ಟು, ಕಾಳಜಿ ಎಷ್ಟು ಎಂದು ಬೇರ್ಪಡಿಸಲು ನನ್ನಿಂದಾಗದು. ಆದರೆ ಹೊಸ ಕಾಡಿಗೆ ಕೈಹಾಕುವ ಮುನ್ನ, ಅರ್ಧಕ್ಕೆ ಅಗೆದು ಬಿಟ್ಟಿರುವ ಹಳೆಯ ಗಣಿಗಳನ್ನೇ ಸರಿಯಾಗಿ ಮುಗಿಸಿ ಎಂದು ಕೇಳುವವರ ಮಾತಿನಲ್ಲಿ ತಪ್ಪೇನೂ ಕಾಣುವುದಿಲ್ಲ. ನೆಟ್ಟ ಗಿಡ ಒಂದು ದಿನ ಮರವಾದೀತು. ಮಳೆ ಹೀರುವ ಕಬ್ಬಿಣದ ಟೋಪಿಯನ್ನು ನೆಡುವ ನರ್ಸರಿ ಎಲ್ಲೂ ಇಲ್ಲ.

ಹೋಗುವುದಿದ್ದರೆ ಸೆಪ್ಟೆಂಬರಿನಲ್ಲೇ ಹೋಗಿ. ಹೊಸಪೇಟೆಯಿಂದ ಬೇಕಾದಷ್ಟು ಬಸ್ಸುಗಳಿವೆ. ನಾರಿಹಳ್ಳದ ಅಣೆಕಟ್ಟು, ಹರಿಶಂಕರ, ಆಮೇಲೆ ಬೆಟ್ಟ ಹತ್ತಿ ಪಾರ್ವತಿ ಮತ್ತು ಕುಮಾರಸ್ವಾಮಿ. ಬೆಳಿಗ್ಗೆ ಬೇಗ ಹೊರಟರೆ ಕಣಿವೆಯಲ್ಲಿ ಮಂಜಿರುತ್ತದೆ. ಬಿಳಿ ಬಟ್ಟೆ ಮಾತ್ರ ಹಾಕಿಕೊಳ್ಳಬೇಡಿ.